ಫಿಕ್ಸೆಡ್ ಗೇರ್ ಸೈಕಲ್ ಕೊಳ್ಳುವ ಮುನ್ನ ಹಿಂಚಕ್ರದ ಹಬ್ ನೋಡಿ

ಓದಲೆಂದೋ ಹಿಂಜವಡಿಯ ಕಂಪನಿಗಳಲ್ಲಿ ಕೆಲಸಕ್ಕೆಂದೋ ಬೆಳಗಾವಿ, ಧಾರವಾಡ, ವಿಜಯಪುರಗಳ ಕಡೆಯಿಂದ ಪುಣೆಗೆ ಬರುವ ಯುವಕರಲ್ಲಿ ಹಲವರು ನನ್ನ ದುರಸ್ತಿ ಅಂಗಡಿಯಲ್ಲಿ ಫಿಕ್ಸೆಡ್ ಗೇರ್ ಸೈಕಲ್ಲಿನ ವಿಚಾರ ಎತ್ತುತ್ತಾರೆ. ಕಡಿಮೆ ಬೆಲೆಯದು ಸಿಕ್ಕಿದೆ, ತೆಗೆದುಕೊಳ್ಳಬಹುದೇ ಎಂಬುದು ಅವರ ಪ್ರಶ್ನೆ. ತೆಗೆದುಕೊಳ್ಳಬಹುದು. ಚೌಕಟ್ಟು ಸಾಧಾರಣ ಉಕ್ಕಿನದಾಗಿ ತುಸು ಭಾರವಿದ್ದರೂ, ಸೀಟು, ಹ್ಯಾಂಡಲ್, ಬಣ್ಣಗಳು ಹೇಗಿದ್ದರೂ ನಡೆಯುತ್ತದೆ. ಆದರೆ ಹಿಂಚಕ್ರದ ಹಬ್ (ಚಕ್ರದ ನಡುವೆ ಕಡ್ಡಿಗಳು ಸೇರುವ ಭಾಗ) ಮತ್ತು ಮುಂದಿನ ಬ್ರೇಕ್, ಈ ಎರಡರಲ್ಲಿ ಮಾತ್ರ ಹಣ ಉಳಿಸಲು ಹೋಗಬಾರದು.

ಸಾಮಾನ್ಯ ಸೈಕಲ್ಲಿನಲ್ಲಿ ಫ್ರೀವ್ಹೀಲ್ ಇರುವುದರಿಂದ ನಾವು ತುಳಿಯುವುದನ್ನು ನಿಲ್ಲಿಸಿದರೂ ಚಕ್ರ ತನ್ನ ಪಾಡಿಗೆ ಉರುಳುತ್ತದೆ. ಫಿಕ್ಸೆಡ್ ಗೇರಿನಲ್ಲಿ ಹಿಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ) ನೇರವಾಗಿ ಹಬ್ಬಿಗೆ ಬಿಗಿದಿರುತ್ತದೆ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತದೆ, ಕಾಲು ಅದರ ಜೊತೆಗೇ ಸಾಗಬೇಕಾಗುತ್ತದೆ. ವೇಗ ತಗ್ಗಿಸಬೇಕೆಂದರೆ ಸವಾರನು ಪೆಡಲನ್ನು ಹಿಮ್ಮುಖವಾಗಿ ಒತ್ತಿ ಹಿಡಿಯಬಹುದು. ಗೇರ್ ಬದಲಿಸುವ ಸಲಕರಣೆಯಾಗಲಿ ಅದರ ಕೇಬಲ್ಲುಗಳಾಗಲಿ ಇಲ್ಲದ ಕಾರಣ ಕೆಡುವ ಭಾಗಗಳು ಕಡಿಮೆ, ನಿರ್ವಹಣೆಯ ಖರ್ಚೂ ಕಡಿಮೆ.

ಹಾಗೆ ಹಿಮ್ಮುಖವಾಗಿ ಒತ್ತಿದಾಗ ಆ ಬಲವೆಲ್ಲ ಸ್ಪ್ರಾಕೆಟ್ಟನ್ನು ಬಿಚ್ಚುವ ದಿಕ್ಕಿನಲ್ಲೇ ಕೆಲಸ ಮಾಡುತ್ತದೆ. ಇದನ್ನು ತಡೆಯಲೆಂದೇ ನಿಜವಾದ ಫಿಕ್ಸೆಡ್ ಹಬ್ಬಿನಲ್ಲಿ ಎರಡು ಮೆಟ್ಟಿಲುಗಳ ಥ್ರೆಡ್ (ತಿರುಪಿನ ಸುತ್ತು) ಇರುತ್ತದೆ: ಒಳಗಿನ ದೊಡ್ಡ ಮೆಟ್ಟಿಲಿನ ಮೇಲೆ ಸ್ಪ್ರಾಕೆಟ್, ಹೊರಗಿನ ಚಿಕ್ಕ ಮೆಟ್ಟಿಲಿನ ಮೇಲೆ ಎಡಸುತ್ತಿನ, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ, ಲಾಕ್‌ರಿಂಗ್. ಸ್ಪ್ರಾಕೆಟ್ ಬಿಚ್ಚಿಕೊಳ್ಳಲು ಹೊರಟರೆ ಲಾಕ್‌ರಿಂಗ್ ಇನ್ನಷ್ಟು ಬಿಗಿಯಾಗುತ್ತದೆ. ಅಗ್ಗಕ್ಕೆ ಮಾರ್ಪಡಿಸಿ ಮಾರುವ ಕೆಲವು ಸೈಕಲ್ಲುಗಳಲ್ಲಿ ಈ ವ್ಯವಸ್ಥೆಯೇ ಇರುವುದಿಲ್ಲ. ಫ್ರೀವ್ಹೀಲ್ ಹಬ್ಬಿನ ಥ್ರೆಡ್ಡೂ ಫಿಕ್ಸೆಡ್ ಸ್ಪ್ರಾಕೆಟ್ಟಿನ ಥ್ರೆಡ್ಡೂ ಹೆಚ್ಚುಕಡಿಮೆ ಒಂದೇ ಅಳತೆಯವಾದ್ದರಿಂದ ಸ್ಪ್ರಾಕೆಟ್ ಸಲೀಸಾಗಿ ಕೂರುತ್ತದೆ. ಅದರ ಮೇಲೆ ಬಲಸುತ್ತಿನ ಯಾವುದಾದರೊಂದು ರಿಂಗ್ ಬಿಗಿದು, ಒಮ್ಮೊಮ್ಮೆ ಅಂಟು ಹಚ್ಚಿ ಕೊಡುತ್ತಾರೆ. ಮೊದಲ ಕೆಲವು ದಿನ ಎಲ್ಲವೂ ಸರಿಯಾಗಿರುತ್ತದೆ. ಆಮೇಲೊಮ್ಮೆ ಇಳಿಜಾರಿನಲ್ಲಿ ಜೋರಾಗಿ ಹಿಮ್ಮುಖ ಒತ್ತಡ ಬಿದ್ದಾಗ ಸ್ಪ್ರಾಕೆಟ್ಟೂ ರಿಂಗೂ ಒಟ್ಟಿಗೇ ಸಡಿಲವಾಗುತ್ತವೆ, ನಿಲ್ಲಿಸುವ ಶಕ್ತಿ ಆ ಕ್ಷಣದಲ್ಲೇ ಇಲ್ಲವಾಗುತ್ತದೆ, ಚೈನ್ ಕಳಚಿ ಸಿಕ್ಕಿಕೊಂಡರೆ ಚಕ್ರವೇ ಲಾಕ್ ಆಗಬಹುದು. ಆದ್ದರಿಂದ ಹಣ ಕೊಡುವ ಮುನ್ನ ನಿಮ್ಮೆದುರಿಗೇ ಲಾಕ್‌ರಿಂಗ್ ಬಿಚ್ಚಿಸಿ. ಅದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ತಿರುಗಿಸಿದಾಗ ಸಡಿಲವಾಗಬೇಕು. ಬಿಚ್ಚಿದ ಮೇಲೆ ಎರಡೂ ಮೆಟ್ಟಿಲುಗಳು ಕಣ್ಣಿಗೆ ಕಾಣಬೇಕು, ಥ್ರೆಡ್ ಸವೆದಿರಬಾರದು. ಬಿಚ್ಚಲು ಒಪ್ಪದ ಮಾರಾಟಗಾರನಿಂದ ಕೊಳ್ಳಬೇಡಿ.

ಇನ್ನು ಬ್ರೇಕಿನ ವಿಚಾರ. ಬಾಲೇವಾಡಿಯ ವೆಲೋಡ್ರೋಮಿನಂಥ ಸೈಕಲ್ ಪಂದ್ಯದ ಟ್ರ್ಯಾಕಿನಲ್ಲಿ ಸವಾರರೆಲ್ಲರೂ ಒಂದೇ ದಿಕ್ಕಿಗೆ ಸಾಗುತ್ತಾರೆ, ಅಡ್ಡ ಬರುವವರು ಯಾರೂ ಇಲ್ಲ. ಅಲ್ಲಿಯ ಸೈಕಲ್ಲಿಗೆ ಬ್ರೇಕ್ ಇಲ್ಲದಿರುವುದಕ್ಕೆ ಅರ್ಥವಿದೆ. ಆದರೆ ಊರೊಳಗಿನ ಕರ್ವೆ ರಸ್ತೆಯಲ್ಲಿ ರಿಕ್ಷಾ ಯಾವ ಕ್ಷಣದಲ್ಲಿ ಎಡಕ್ಕೆ ಸರಿದು ನಿಲ್ಲುತ್ತದೆಂದು ಹೇಳಲಾಗದು. ವೇಗ ತಗ್ಗಿಸುವಾಗ ಸವಾರನ ಭಾರ ಮುಂದಕ್ಕೆ ಸರಿಯುವುದರಿಂದ ಹಿಂಚಕ್ರ ಹಗುರವಾಗಿ ಜಾರುತ್ತದೆ. ಹಿಂಚಕ್ರವನ್ನು ಮಾತ್ರ ನಂಬಿದವನಿಗೆ, ಒಳ್ಳೆಯ ಮುಂದಿನ ಬ್ರೇಕ್ ಇರುವವನಿಗಿಂತ ಸುಮಾರು ಇಮ್ಮಡಿ ದೂರ ಬೇಕಾಗುತ್ತದೆ. ಕಾಲಿನ ಬಲ ಎಷ್ಟಿದ್ದರೂ ಈ ಲೆಕ್ಕ ಬದಲಾಗದು. ಬ್ರೇಕ್ ಇಲ್ಲದ ಸೈಕಲ್ ಚೆಂದ ಕಾಣುತ್ತದೆಂಬ ಮಾತನ್ನು ನಾನು ಕೇಳಿದ್ದೇನೆ, ಆದರೆ ಮುಂದಿನ ಬ್ರೇಕ್ ಇಲ್ಲದೆ ಯಾರನ್ನೂ ನನ್ನ ಅಂಗಡಿಯಿಂದ ರಸ್ತೆಗೆ ಕಳಿಸಲು ನನಗೆ ಮನಸ್ಸು ಬರುವುದಿಲ್ಲ. ರಿಮ್ ಅಲ್ಯೂಮಿನಿಯಂನದೇ ಇರಲಿ. ಉಕ್ಕಿನ ರಿಮ್ ಮಳೆಯಲ್ಲಿ ನೆನೆದರೆ ಬ್ರೇಕ್ ಹಿಡಿಯುವುದು ತೀರ ಕಡಿಮೆ, ಪುಣೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ತಪ್ಪಿದ್ದಲ್ಲ.

ಗೇರಿನ ಅನುಪಾತವನ್ನು, ಅಂದರೆ ಮುಂದಿನ ಮತ್ತು ಹಿಂದಿನ ಹಲ್ಲುಚಕ್ರಗಳ ಹಲ್ಲುಗಳ ಪ್ರಮಾಣವನ್ನು, ಊರಿನ ಏರಿಳಿತ ನೋಡಿ ಆರಿಸಬೇಕು. ಪುಣೆಯ ಗಣೇಶನಗರದಿಂದ ಡೆಕ್ಕನ್ ಜಿಮ್ಖಾನಾವರೆಗೆ ರಸ್ತೆ ಸಮತಟ್ಟಾಗಿದೆ. ಚಾಂದನಿ ಚೌಕದಿಂದ ಕೋಥರೂಡಿಗೆ ಇಳಿಯುವುದಾಗಲಿ ಕಾತ್ರಜ್ ಘಾಟ್ ಆಗಲಿ ಹಾಗಲ್ಲ. ಮುಂದೆ 44, ಹಿಂದೆ 18 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 5.2 ಮೀಟರ್ ಸಾಗುತ್ತದೆ. ಗಂಟೆಗೆ 25 ಕಿ.ಮೀ. ವೇಗಕ್ಕೆ ನಿಮಿಷಕ್ಕೆ 80 ಸುತ್ತು ಸಾಕು. ಅದೇ ಸೈಕಲ್ ಇಳಿಜಾರಿನಲ್ಲಿ 40 ಕಿ.ಮೀ. ವೇಗ ಮುಟ್ಟಿದರೆ ಕಾಲುಗಳು ನಿಮಿಷಕ್ಕೆ ಸುಮಾರು 130 ಸುತ್ತು ತಿರುಗಬೇಕು, ಅದು ಹೊಸಬರ ಹತೋಟಿಗೆ ಮೀರಿದ್ದು. ಹಾಗೆಂದು 48ಕ್ಕೆ 16ರಂಥ ಭಾರದ ಗೇರ್ ಹಾಕಿಸಿದರೆ ಪ್ರತಿ ಸಿಗ್ನಲ್ಲಿನಲ್ಲಿ ಹೊರಡುವಾಗಲೂ ಏರಿನಲ್ಲೂ ಮೊಣಕಾಲಿಗೆ ಶ್ರಮ. ಅನುಪಾತ ಸರಿಯಾಗಿ ಮೂರೇ ಆಗಿ, ಪೆಡಲಿನ ಒಂದು ಸುತ್ತಿಗೆ ಚಕ್ರ ಸರಿಯಾಗಿ ಮೂರು ಸುತ್ತು ತಿರುಗುವುದರಿಂದ, ಪಾದ ಒಂದೇ ಭಂಗಿಯಲ್ಲಿರುವಾಗ ಚಕ್ರ ನಿಲ್ಲಿಸಿ ಜಾರಿಸುವ ಅಭ್ಯಾಸವಿದ್ದವರ ಟಯರ್ ಒಂದೇ ಜಾಗದಲ್ಲಿ ಸವೆದು ಬೇಗ ತೂತು ಬೀಳುತ್ತದೆ. ಹೊಸಬರಿಗೆ 44ಕ್ಕೆ 18 ಒಳ್ಳೆಯದು, ಇಳಿಜಾರಿನಲ್ಲಿ ಬ್ರೇಕ್ ಬಳಸಿ ವೇಗವನ್ನು ಮೊದಲೇ ಹತೋಟಿಯಲ್ಲಿಡಬೇಕು.

ಮನೆಯ ಹಳೆಯ ಸೈಕಲ್ಲನ್ನೇ ಫಿಕ್ಸೆಡ್ ಮಾಡಿಸುವ ಆಸೆಯಿದ್ದವರು ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ನೋಡಿಕೊಳ್ಳಬೇಕು. ಕಾಟರ್ ಪಿನ್ ಎಂಬ ಬೆಣೆ ಬಡಿದು ಕೂರಿಸಿದ ಕ್ರ್ಯಾಂಕ್ ಮುಂದಕ್ಕೆ ಮಾತ್ರ ತುಳಿಯುವಾಗ ಬಾಳಿಕೆ ಬರುತ್ತದೆ. ಮುಂದಕ್ಕೂ ಹಿಂದಕ್ಕೂ ಬಲ ಬಿದ್ದರೆ ಪಿನ್ ಸವೆದು ಆಡತೊಡಗುತ್ತದೆ.

ಕೊಂಡ ಮೇಲಿನ ಕೆಲಸ ಹೆಚ್ಚಿಲ್ಲ. ಚೈನಿನ ನಡುಭಾಗ ಮೇಲೆ ಕೆಳಗೆ ಸುಮಾರು ಒಂದು ಸೆಂಟಿಮೀಟರ್ ಆಡಬೇಕು. ಅದಕ್ಕಿಂತ ಸಡಿಲವಾದರೆ ಕಳಚುತ್ತದೆ, ಬಿಗಿಯಾದರೆ ಬೇರಿಂಗ್ ಸವೆಯುತ್ತದೆ. ಹಿಂದಿನ ನಟ್ಟುಗಳಿಗೆ 15ರ ಸ್ಪ್ಯಾನರ್ ಬ್ಯಾಗಿನಲ್ಲಿರಲಿ. ಮೊದಲ ವಾರ ಸವಾರಿ ಮಾಡಿದ ಮೇಲೆ ಸ್ಪ್ರಾಕೆಟ್ ಇನ್ನಷ್ಟು ಒಳಕ್ಕೆ ಕೂತಿರುತ್ತದೆ, ಆಗ ಲಾಕ್‌ರಿಂಗನ್ನು ಮತ್ತೆ ಬಿಗಿಸಲೇಬೇಕು. ತಿರುವಿನಲ್ಲಿ ಸೈಕಲ್ ಬಹಳ ವಾಲಿಸಿದರೆ ಒಳಗಿನ ಪೆಡಲ್ ನೆಲಕ್ಕೆ ತಾಗುತ್ತದೆಂಬುದು ನೆನಪಿರಲಿ, ಏಕೆಂದರೆ ಇಲ್ಲಿ ಪೆಡಲನ್ನು ಮೇಲೆತ್ತಿ ಹಿಡಿಯುವ ಅವಕಾಶವಿಲ್ಲ.

ಸಾಧ್ಯವಿದ್ದರೆ ಎರಡೂ ಕಡೆ ಥ್ರೆಡ್ ಇರುವ ಫ್ಲಿಪ್-ಫ್ಲಾಪ್ ಹಬ್ಬನ್ನೇ ಆರಿಸಿ. ಒಂದು ಕಡೆ ಫಿಕ್ಸೆಡ್, ಇನ್ನೊಂದು ಕಡೆ ಫ್ರೀವ್ಹೀಲ್ ಇರುವುದರಿಂದ ಘಾಟಿನ ಕಡೆ ಹೊರಟಾಗ ಚಕ್ರವನ್ನು ತಿರುಗಿಸಿ ಹಾಕಿಕೊಳ್ಳಬಹುದು. ಆದರೆ ಫ್ರೀವ್ಹೀಲ್ ಕಡೆಗೆ ತಿರುಗಿಸಿದಾಗ ಕಾಲಿನಿಂದ ನಿಲ್ಲಿಸುವ ಶಕ್ತಿ ಇರುವುದಿಲ್ಲವಾದ್ದರಿಂದ ಹಿಂದೆಯೂ ಬ್ರೇಕ್ ಬೇಕು; ಚೌಕಟ್ಟಿನ ಹಿಂಭಾಗದಲ್ಲಿ ಬ್ರೇಕ್ ಕೂರಿಸಲು ತೂತು ಕೊರೆದಿದೆಯೇ ಎಂದು ಕೊಳ್ಳುವಾಗಲೇ ನೋಡಿಕೊಳ್ಳಿ.