ಇಂಜೆಕ್ಟರ್ ಮೇಲೆ ಬರೆದ ಹಾರ್ಸ್‌ಪವರ್ ಎಲ್ಲಿಂದ ಬರುತ್ತದೆ? ಕಮಿನ್ಸ್ ಪಿಕಪ್‌ಗಳ ಪಂಪ್ ಕಥೆ

ಅಮೆರಿಕದಲ್ಲಿ ಡೀಸೆಲ್ ಪಿಕಪ್ ಮಾಡಿಫೈ ಮಾಡುವವರಿಗೆ '50 ಎಚ್‌ಪಿ', '100 ಎಚ್‌ಪಿ' ಅಂತ ಹೆಸರಿಟ್ಟ ಇಂಜೆಕ್ಟರ್‌ಗಳು (ಸಿಲಿಂಡರ್‌ಗೆ ಡೀಸೆಲ್ ಸಿಂಪಡಿಸುವ ಭಾಗ) ಸಿಗುತ್ತವೆ. ಹಾಕಿಸಿದ ಮೇಲೆ ಒಬ್ಬರಿಗೆ ಅಷ್ಟು ಬರುತ್ತದೆ, ಇನ್ನೊಬ್ಬರಿಗೆ ಅರ್ಧವೂ ಬರುವುದಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಇಂಜೆಕ್ಟರ್‌ಗೆ ಒತ್ತಡದಲ್ಲಿ ಡೀಸೆಲ್ ತಳ್ಳುವ ಪಂಪ್‌ನ ಕಥೆ ಗೊತ್ತಿರಬೇಕು.

1989ರಲ್ಲಿ ಡಾಡ್ಜ್ ಕಂಪನಿಯ ಪಿಕಪ್ ರ‍್ಯಾಮ್‌ಗೆ 5.9 ಲೀಟರ್ ಕಮಿನ್ಸ್ ಎಂಜಿನ್ ಬಂದಾಗ 160 ಹಾರ್ಸ್‌ಪವರ್ ಇತ್ತು, 2004ರ ಹೊತ್ತಿಗೆ ಅದೇ ಗಾತ್ರದಲ್ಲಿ 325. ಈ ನಡುವೆ ಪಂಪ್ ಮೂರು ಸಲ ಬದಲಾಯಿತು.

1994ರಲ್ಲಿ ಬಂದದ್ದು ಬಾಷ್‌ನ ಪಿ7100. ಆರು ಸಿಲಿಂಡರ್‌ಗೆ ಸಾಲಾಗಿ ಆರು ಪ್ಲಂಜರ್, ಅಂದರೆ ಡೀಸೆಲ್ ತಳ್ಳುವ ಸಣ್ಣ ದಂಡಗಳು. ನಮ್ಮ ಲಾರಿಗಳ ಮೈಕೋ ಇನ್‌ಲೈನ್ ಪಂಪ್ ಬಿಚ್ಚಿದವರಿಗೆ ಇದು ಹೊಸದೇನಲ್ಲ. ಡೀಸೆಲ್ ಎಷ್ಟು ಹೋಗಬೇಕು ಅನ್ನುವುದನ್ನು ಒಳಗಿನ ಒಂದು ಸಣ್ಣ ಲೋಹದ ಪ್ಲೇಟ್ ತಡೆದು ಹಿಡಿಯುತ್ತಿತ್ತು. ಅದನ್ನು ಸ್ವಲ್ಪ ಸರಿಸಿದರೆ, ಇಲ್ಲವೇ ಬೇರೆ ಆಕಾರದ್ದು ಹಾಕಿದರೆ, ಪವರ್ ಏರುತ್ತಿತ್ತು. ಟರ್ಬೊ ಅದಕ್ಕೆ ತಕ್ಕಷ್ಟು ಗಾಳಿ ಕೊಡದಿದ್ದರೆ ಕಪ್ಪು ಹೊಗೆ, ಜಾಸ್ತಿಯಾದರೆ ಪಿಸ್ಟನ್ನೇ ಕರಗುತ್ತದೆ. ಆದರೂ ಪಂಪ್ ಮಾತ್ರ ಗಟ್ಟಿ. ಪ್ಲಂಜರ್‌ಗಳನ್ನು ಒತ್ತುವ ಅದರ ಕ್ಯಾಮ್‌ಗೆ ಎಂಜಿನ್ ಆಯಿಲ್‌ನ ಆಸರೆ ಇತ್ತಲ್ವಾ.

1998ರ ನಡುವೆ ಹೊಗೆ ನಿಯಮ ಬಿಗಿಯಾಗಿ ಎಲೆಕ್ಟ್ರಾನಿಕ್ ಪಂಪ್ ವಿಪಿ44 ಬಂತು. ಇದರ ನಯಕ್ಕೂ ತಂಪಿಗೂ ಡೀಸೆಲ್ ಒಂದೇ ದಿಕ್ಕು. ಟ್ಯಾಂಕ್‌ನಿಂದ ಡೀಸೆಲ್ ಎಳೆದು ಕೊಡುವ ಲಿಫ್ಟ್ ಪಂಪ್ ಸೋತರೆ ಇದೂ ಬಿಸಿಯಾಗಿ, ಸವೆದು ಸಾಯುತ್ತಿತ್ತು. ದೊಡ್ಡ ಇಂಜೆಕ್ಟರ್ ಹಾಕಿಸಿದವರ ಗಾಡಿಯಲ್ಲಿ ಡೀಸೆಲ್ ಎಳೆತ ಜಾಸ್ತಿ, ಹಾಗಾಗಿ ಲಿಫ್ಟ್ ಪಂಪ್‌ನ ದೌರ್ಬಲ್ಯ ಅಲ್ಲಿ ಬೇಗ ಬಯಲಾಯಿತು, ಅಪವಾದ ಮಾತ್ರ ಇಂಜೆಕ್ಟರ್ ತಲೆಗೆ ಬಂತು. ಸಾವಿರಾರು ಡಾಲರ್ ಸುರಿಯುವ ಮೊದಲು ಒಂದು ಫ್ಯೂಯಲ್ ಪ್ರೆಷರ್ ಗೇಜ್ ಕೂರಿಸಿ ನೋಡಬೇಕಿತ್ತು.

2003ರಿಂದ ಕಾಮನ್ ರೈಲ್ (ಎಲ್ಲ ಇಂಜೆಕ್ಟರ್‌ಗಳಿಗೂ ಒತ್ತಡದ ಡೀಸೆಲ್ ಹಿಡಿದಿಡುವ ಒಂದೇ ಕೊಳವೆ), ಅದನ್ನು ತುಂಬಲು ಸಿಪಿ3 ಪಂಪ್, ಸುಮಾರು 1600 ಬಾರ್ ಒತ್ತಡ. ಮಿತಿಯ ಲೆಕ್ಕ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 3000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಸುತ್ತಿಗೆ 20 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಡೀಸೆಲ್ ಚೆನ್ನಾಗಿ ಉರಿಯಲು ಕ್ರ್ಯಾಂಕ್ ಸುಮಾರು 25 ಡಿಗ್ರಿ ತಿರುಗುವುದರೊಳಗೆ ಸಿಂಪಡಿಸಿ ಮುಗಿಸಬೇಕು ಅಂದುಕೊಂಡರೆ ಸಿಗುವುದು 1.4 ಮಿಲಿಸೆಕೆಂಡ್. ಪವರ್ ಬೇಕಾದರೆ ಅಷ್ಟರಲ್ಲೇ ಜಾಸ್ತಿ ಡೀಸೆಲ್ ಹೋಗಬೇಕು, ಅದಕ್ಕೇ ನಾಝಲ್ ತೂತು ದೊಡ್ಡದು ಮಾಡುತ್ತಾರೆ. ಆದರೆ ದೊಡ್ಡ ತೂತು ರೈಲ್ ಅನ್ನು ಬೇಗ ಖಾಲಿ ಮಾಡುತ್ತದೆ. ಪಂಪ್ ತುಂಬಿಕೊಡದಿದ್ದರೆ ಒತ್ತಡ ಕುಸಿದು, ಇಂಜೆಕ್ಟರ್‌ನ ಹೆಸರಿನಲ್ಲಿರುವ ಅಂಕಿ ಹೆಸರಿನಲ್ಲೇ ಉಳಿಯುತ್ತದೆ. ರೇಸ್ ಗಾಡಿಗಳಲ್ಲಿ ಎರಡೆರಡು ಸಿಪಿ3 ಇರುವುದು ಇದಕ್ಕೇ.

ಸಿಪಿ3ಯಲ್ಲಿ ಮೂರು ಪ್ಲಂಜರ್, ಆಮೇಲೆ ಬಂದ ಸಿಪಿ4ರಲ್ಲಿ ಎರಡೇ. ಅದು ಒಳಗೆ ಸವೆದರೆ ಲೋಹದ ಚೂರು ಇಂಜೆಕ್ಟರ್‌ವರೆಗೂ ಹರಡುತ್ತದೆ. 2019ರ ರ‍್ಯಾಮ್‌ನ 6.7 ಲೀಟರ್ ಎಂಜಿನ್‌ಗೆ ಅದನ್ನೇ ಹಾಕಿದರು. 2021ರ ಕೊನೆಗೆ 2 ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ವಾಪಸ್ ಕರೆಸಿ ಹಳೆಯ ಸಿಪಿ3ಯನ್ನೇ ಮತ್ತೆ ಕೂರಿಸಿಕೊಡಬೇಕಾಯಿತು.