‘ಜರ್ಮನಿಯ ಯುವರಾಜ’ ಅಂತ ಬರೆಯೋ ಮುಂಚೆ: ಪ್ರಿನ್ಟ್ಸ್, ಫ್ಯೂರ್ಸ್ಟ್ ಮತ್ತು ಮನೆತನದ ಯಜಮಾನ

ಒಂದು ಕಾಲದಲ್ಲಿ ಪ್ರಷ್ಯಾವನ್ನೂ ಜರ್ಮನಿಯನ್ನೂ ಆಳಿದ ಹೊಹೆನ್‌ಝೋಲರ್ನ್ ಮನೆತನದ ಆಸ್ತಿ ವಿಚಾರ ಸುದ್ದಿಗೆ ಬಂದಾಗಲೆಲ್ಲ ನಮ್ಮ ಕಡೆ ಯಾರಾದ್ರೂ ಒಬ್ರು ‘ಜರ್ಮನಿಯ ಯುವರಾಜ’ ಅಂತ ಬರ್ದೇ ಬರೀತಾರೆ. ಯಾವ ರಾಜ್ಯಕ್ಕೆ ಯುವರಾಜ ಸ್ವಾಮಿ? ಕೈಸರ್, ಅಂದ್ರೆ ಚಕ್ರವರ್ತಿ, ಎರಡನೇ ವಿಲ್‌ಹೆಲ್ಮ್ ಪಟ್ಟ ಬಿಟ್ಟಿದ್ದು 1918ರ ನವೆಂಬರ್‌ನಲ್ಲಿ, ಹಾಲೆಂಡಿಗೆ ಹೋಗಿ ಡೋರ್ನ್ ಅನ್ನೋ ಊರಲ್ಲಿ ಇದ್ದು 1941ರಲ್ಲಿ ಅಲ್ಲೇ ಸತ್ತೂ ಆಯ್ತು. ಈಗ ಸುದ್ದಿಯಲ್ಲಿರೋರು ಆ ಕೈಸರನ ಮರಿಮೊಮ್ಮಗನ ಮಗ, 1976ರಲ್ಲಿ ಬ್ರೆಮೆನ್‌ನಲ್ಲಿ ಹುಟ್ಟಿದವರು, ಫ್ರೈಬರ್ಗ್ ಅನ್ನೋ ಗಣಿ ಊರಿನ ಯೂನಿವರ್ಸಿಟಿಲಿ ಬಿಸಿನೆಸ್ ಓದಿದವರು. ಹೆಸರು ಗಿಯೋರ್ಗ್ ಫ್ರೀಡ್ರಿಖ್ ಪ್ರಿನ್ಟ್ಸ್ ಫಾನ್ ಪ್ರಾಯ್ಸೆನ್. ಪ್ರಾಯ್ಸೆನ್ ಅಂದ್ರೆ ಪ್ರಷ್ಯಾ. ಪೂರ್ತಿ ಹೆಸರೇ ಅದು. ಬಿರುದು ಅಲ್ಲ, ಹೆಸರು.

ಎಲ್ಲಾ ಗೊಂದಲ ಹುಟ್ಟೋದು ಇಲ್ಲೇ. 1919ರ ವೈಮಾರ್ ಸಂವಿಧಾನದ 109ನೇ ವಿಧಿ ಹೇಳೋದು ಇಷ್ಟು: ಹುಟ್ಟಿನಿಂದ ಬರೋ ಸವಲತ್ತು ಏನೂ ಇಲ್ಲ, ಕುಲೀನರ ಬಿರುದುಗಳು ಇನ್ಮೇಲೆ ಹೆಸರಿನ ಭಾಗ ಮಾತ್ರ, ಹೊಸದಾಗಿ ಯಾರಿಗೂ ಕೊಡೋ ಹಾಗಿಲ್ಲ. ಆ ಸಾಲು ಇವತ್ತಿಗೂ ಮಾಮೂಲಿ ಕಾನೂನಾಗಿ ಜಾರಿಯಲ್ಲಿದೆ. ಪಕ್ಕದ ಆಸ್ಟ್ರಿಯಾದವರು ಅದೇ ವರ್ಷ ಬಿರುದನ್ನ ಬೇರು ಸಮೇತ ಕಿತ್ತು ಹಾಕಿದ್ರು, ಕುಲೀನರ ಹೆಸರಲ್ಲಿ ಬರೋ ‘ಫಾನ್’ ಅನ್ನೋದೂ ಉಳಿಲಿಲ್ಲ, ಹಾಗಾಗಿ ಹೊರಗೆಲ್ಲ ಒಟ್ಟೋ ಫಾನ್ ಹಾಬ್ಸ್‌ಬರ್ಗ್ ಆಗಿದ್ದ ಅಲ್ಲಿನ ಕೊನೇ ಚಕ್ರವರ್ತಿಯ ಮಗ ಆಸ್ಟ್ರಿಯಾದ ಕಾಗದದಲ್ಲಿ ಬರೀ ಹಾಬ್ಸ್‌ಬರ್ಗ್-ಲೋಥ್ರಿಂಗೆನ್. ಜರ್ಮನ್ನರು ಕೀಳಲಿಲ್ಲ, ಬಿರುದನ್ನ ತಗೊಂಡ್ಹೋಗಿ ಸರ್‌ನೇಮ್ ಒಳಗೆ ಅಂಟಿಸಿಬಿಟ್ರು.

ಅದಕ್ಕೇ ಕಾಗದಪತ್ರದಲ್ಲಿ ಗಿಯೋರ್ಗ್ ಫ್ರೀಡ್ರಿಖ್ ಮೊದಲು, ಪ್ರಿನ್ಟ್ಸ್ ಆಮೇಲೆ. ‘ಪ್ರಿನ್ಟ್ಸ್ ಗಿಯೋರ್ಗ್ ಫ್ರೀಡ್ರಿಖ್’ ಅಂತ ಮುಂದೆ ಹಾಕಿ ಕರೆಯೋದು, ‘ರಾಯಲ್ ಹೈನೆಸ್’ ಅನ್ನೋದು ಇದೆಲ್ಲ ಮದುವೆ ಕರೆಯೋಲೆಯ ಮರ್ಯಾದೆ, ಸರ್ಕಾರಿ ಆಫೀಸಲ್ಲಿ ಅದಕ್ಕೆ ಕಾಸಿನ ಬೆಲೆ ಇಲ್ಲ. ನಮ್ಮಲ್ಲಿ ದೇವರಾಜ ಅರಸು ಹೆಸರಲ್ಲಿ ‘ಅರಸು’ ಇದೆ ಅಂತ ಕರ್ನಾಟಕವನ್ನ ಒಬ್ಬ ರಾಜ ಆಳಿದ ಅಂತ ಯಾರಾದ್ರೂ ಬರೀತಾರಾ? ಮನೆತನದ ಗುರುತು ಅಷ್ಟೇ ಅಂತ ಮಕ್ಕಳಿಗೂ ಗೊತ್ತು. ಜರ್ಮನ್ ಹೆಸರು ಬಂದ ತಕ್ಷಣ ಈ ಬುದ್ಧಿ ಎಲ್ಲಿಗೆ ಹೋಗುತ್ತೋ.

ಸರ್‌ನೇಮ್ ಆದ್ಮೇಲೆ ಅದಕ್ಕೆ ಸರ್‌ನೇಮಿನ ಪಾಡೆಲ್ಲ ಬಂತು. ಮಗಳು ಹುಟ್ಟಿದ್ರೆ ಅವಳನ್ನೂ ಪ್ರಿನ್ಟ್ಸ್ ಅನ್ಬೇಕಾ? ಬೇಡ, ಹೆಣ್ಣಿಗೆ ಪ್ರಿನ್ಟ್ಸೆಸಿನ್ ಅಂತಲೇ ಇರಲಿ ಅಂತ 1926ರಲ್ಲಿ ಸುಪ್ರೀಂ ಕೋರ್ಟ್ ಮಟ್ಟದಲ್ಲಿ ತೀರ್ಮಾನ ಆಯ್ತು, ಹಾಗಾಗಿ ಇವರ ಸರ್‌ನೇಮಿಗೆ ಗಂಡಿಗೊಂದು ಹೆಣ್ಣಿಗೊಂದು ರೂಪ. ಇನ್ನು ದತ್ತು. 1980ರಲ್ಲಿ ಹಾನ್ಸ್ ರಾಬರ್ಟ್ ಲಿಖ್ಟೆನ್‌ಬರ್ಗ್ ಅನ್ನೋ ವಯಸ್ಕ ಮನುಷ್ಯನನ್ನ ಆನ್‌ಹಾಲ್ಟ್ ಮನೆತನದ ವಯಸ್ಸಾದ ಮರೀ ಆಗುಸ್ಟೆ ದತ್ತು ತಗೊಂಡ್ರು, ಈಕೆ ಒಂದು ಕಾಲದಲ್ಲಿ ಕೈಸರನ ಕೊನೇ ಮಗನ ಹೆಂಡ್ತಿ ಆಗಿದ್ದವರು. ಅಲ್ಲಿಗೆ ಆತ ಫ್ರೆಡೆರಿಕ್ ಪ್ರಿನ್ಟ್ಸ್ ಫಾನ್ ಆನ್‌ಹಾಲ್ಟ್. 1986ರಲ್ಲಿ ಹಾಲಿವುಡ್ ನಟಿ ಝಾ ಝಾ ಗಬೋರ್‌ನ ಮದುವೆಯೂ ಆದ, ಪೇಪರ್‌ಗಳು ಪ್ರಿನ್ಸ್ ಪ್ರಿನ್ಸ್ ಅಂತ ಬರೆದದ್ದೇ ಬರೆದದ್ದು. ಕಾನೂನಿನ ಪ್ರಕಾರ ಹೆಸರು ಪಕ್ಕಾ ಅಸಲಿ, ಆದ್ರೆ ಹಳೇ ಮನೆತನದವರ ಲೆಕ್ಕದಲ್ಲಿ ಆತ ಕುಲೀನನೇ ಅಲ್ಲ. ಎರಡೂ ನಿಜ, ಯಾಕಂದ್ರೆ ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ.

ಈಗ ನನಗೆ ತಲೆ ಕೆಡಿಸೋ ಇನ್ನೊಂದು. ಇಂಗ್ಲಿಷ್ ಪ್ರಿನ್ಸ್ ಒಂದೇ, ಜರ್ಮನ್ನಲ್ಲಿ ಅದು ಎರಡು ಪದ. ಒಂದು ಫ್ಯೂರ್ಸ್ಟ್, ಇನ್ನೊಂದು ಪ್ರಿನ್ಟ್ಸ್. ಫ್ಯೂರ್ಸ್ಟ್ ಹಳೇ ಜರ್ಮನ್ನಿನ ‘ಫುರಿಸ್ಟೊ’ದಿಂದ ಬಂದಿದ್ದು, ಎಲ್ಲರಿಗಿಂತ ಮುಂದೆ ಇರೋನು ಅಂತ ಅರ್ಥ, ಇಂಗ್ಲಿಷಿನ ‘ಫಸ್ಟ್’ ಇದರ ಒಡಹುಟ್ಟು. ಪ್ರಿನ್ಟ್ಸ್ ಲ್ಯಾಟಿನ್ ‘ಪ್ರಿನ್ಸೆಪ್ಸ್’ನಿಂದ ಫ್ರೆಂಚ್ ದಾರಿಯಲ್ಲಿ ಬಂದದ್ದು, ಅದಕ್ಕೂ ಮೂಲದಲ್ಲಿ ಮೊದಲಿಗ ಅಂತಲೇ ಅರ್ಥ, ರೋಮಿನ ಅಗಸ್ಟಸ್ ತನ್ನನ್ನ ರಾಜ ಅಂತ ಕರೆಸ್ಕೊಳ್ಳದೆ ಇದೇ ಪದ ಇಟ್ಕೊಂಡಿದ್ದ. ಅರ್ಥ ಒಂದೇ ಇದ್ರೂ ಜರ್ಮನ್ನಲ್ಲಿ ಎರಡಕ್ಕೂ ಕೆಲಸ ಬೇರೆ ಆಯ್ತು: ಫ್ಯೂರ್ಸ್ಟ್ ಅಂದ್ರೆ ಒಂದು ಸೀಮೆ ಆಳೋನು ಇಲ್ಲ ಆ ದರ್ಜೆಯ ಮನೆತನದ ಮುಖ್ಯಸ್ಥ, ಪ್ರಿನ್ಟ್ಸ್ ಅಂದ್ರೆ ಅಂಥ ಮನೆಯಲ್ಲಿ ಹುಟ್ಟಿದ ಉಳಿದವರು. ಲೀಖ್ಟೆನ್‌ಸ್ಟೈನ್‌ನ ಹಾನ್ಸ್ ಆಡಮ್ ಫ್ಯೂರ್ಸ್ಟ್, ಅವರ ಮಗ ಪ್ರಿನ್ಟ್ಸ್. ಬಿಸ್ಮಾರ್ಕ್‌ಗೆ 1871ರಲ್ಲಿ ಸಿಕ್ಕಿದ್ದು ಫ್ಯೂರ್ಸ್ಟ್. ಅದು ಇಂಗ್ಲಿಷಿಗೆ ಹೋಗಿ ಪ್ರಿನ್ಸ್ ಆಗಿ ಅಲ್ಲಿಂದ ಕನ್ನಡಕ್ಕೆ ಬರುವಷ್ಟರಲ್ಲಿ ‘ರಾಜಕುಮಾರ ಬಿಸ್ಮಾರ್ಕ್’. ಆ ಮೀಸೆ ಹೊತ್ತ ಮುದುಕ ಯಾರ ಕುಮಾರ ಮಾರಾಯ್ರೆ?

ಯುವರಾಜ ಅನ್ನೋದಕ್ಕೆ ಸರಿಯಾದ ಜರ್ಮನ್ ಪದ ಕ್ರೋನ್‌ಪ್ರಿನ್ಟ್ಸ್, ಪಟ್ಟಕ್ಕೆ ಬರಬೇಕಾದ ಮಗ. ಪ್ರಷ್ಯಾದ ಕೊನೇ ಕ್ರೋನ್‌ಪ್ರಿನ್ಟ್ಸ್ ಅಂದ್ರೆ ಕೈಸರನ ಹಿರೀ ಮಗ ವಿಲ್‌ಹೆಲ್ಮ್, 1951ರಲ್ಲಿ ತೀರ್ಕೊಂಡ, ಅಲ್ಲಿಗೆ ಮುಗೀತು.

ಇನ್ನೊಂದು ವಿಚಿತ್ರ ಇದೆ. ಮನೆಗೊಬ್ಬರೇ ಇಟ್ಕೊಳ್ತಿದ್ದ ಫ್ಯೂರ್ಸ್ಟ್ ಥರದ ಬಿರುದು ಆಗಿನ ಹಿರಿಯನ ಜೊತೆಗೇ ಸಾಯಬೇಕು, ಮುಂದಿನವರ ಸರ್‌ನೇಮ್‌ಗೆ ಇಳಿಯಂಗಿಲ್ಲ ಅಂತ ಪ್ರಷ್ಯಾ 1920ರಲ್ಲಿ ಕಾನೂನು ಮಾಡ್ತು. ಹಾಗಾಗಿ ಸಿಗ್ಮಾರಿಂಗೆನ್‌ನಲ್ಲಿರೋ ಹೊಹೆನ್‌ಝೋಲರ್ನ್‌ರ ಇನ್ನೊಂದು ಕವಲಿನ ಯಜಮಾನರನ್ನ ಊರವರು ಫ್ಯೂರ್ಸ್ಟ್ ಅಂತ ಕರೆದ್ರೂ ಕಾನೂನಿಗೆ ಅವರು ಪ್ರಿನ್ಟ್ಸ್. (ಈ ಕಾರ್ಲ್ ಫ್ರೀಡ್ರಿಖ್ ಸ್ಯಾಕ್ಸೋಫೋನ್ ನುಡಿಸ್ತಾರೆ, ಸ್ವಂತ ಬ್ಯಾಂಡ್ ಇದೆ.) ರಾಯ್ಸ್ ಮನೆತನದ್ದು ಇನ್ನೂ ಮಜ, ಹುಟ್ಟೋ ಗಂಡುಮಕ್ಕಳಿಗೆಲ್ಲ ಹೈನ್ರಿಖ್ ಅಂತಲೇ ಹೆಸರು, ಬರೀ ನಂಬರ್ ಬೇರೆ. 2022ರ ಡಿಸೆಂಬರ್‌ನಲ್ಲಿ ಸರ್ಕಾರ ಉರುಳಿಸೋ ಸಂಚಿನ ಆರೋಪದಲ್ಲಿ ಅರೆಸ್ಟ್ ಆದ ಇದೇ ಮನೆತನದ ಹೈನ್ರಿಖ್ 13 ಅವರ ಹೆಸರಲ್ಲಿರೋ 13 ಹುಟ್ಟಿದ ಸರದಿ ನಂಬರ್, 13ನೇ ದೊರೆ ಅಲ್ಲ. ಅವರು ಮನೆತನದ ಯಜಮಾನರೂ ಅಲ್ಲ, ಯಜಮಾನರು ಹೈನ್ರಿಖ್ 14, ಅವರು ಆ ಮನುಷ್ಯನಿಗೂ ನಮಗೂ ಸಂಬಂಧ ಇಲ್ಲ ಅಂತ ಬಹಿರಂಗವಾಗೇ ಹೇಳಿದ್ರು.

ಹಾಗಾದ್ರೆ ಯಜಮಾನ ಅಂದ್ರೆ ಏನು? ಜರ್ಮನ್ನಲ್ಲಿ ‘ಶೆಫ್ ಡೆಸ್ ಹೌಸೆಸ್’ ಅಂತಾರೆ, ಇಲ್ಲಿ ಶೆಫ್ ಅಂದ್ರೆ ಅಡುಗೆಯವನಲ್ಲ, ಹಿರಿಯ ಅಂತ, ಹೌಸ್ ಅಂದ್ರೆ ಕಟ್ಟಡ ಅಲ್ಲ, ಮನೆತನ. ಇದು ಸರ್ಕಾರ ಕೊಡೋ ಹುದ್ದೆ ಅಲ್ಲ, ಪಟ್ಟಾಭಿಷೇಕವೂ ಇಲ್ಲ. ಉಯಿಲು, ಆಸ್ತಿ, ಮನೆಯ ಹಳೇ ಕಟ್ಟಳೆ ಇಷ್ಟರ ಮೇಲೆ ನಿಂತಿರೋದು. ಗಿಯೋರ್ಗ್ ಫ್ರೀಡ್ರಿಖ್ ಅವರ ಬದುಕು ನೋಡಿದ್ರೆ ಗೊತ್ತಾಗುತ್ತೆ. ಅಜ್ಜ ಲೂಯಿ ಫರ್ಡಿನಾಂಡ್‌ಗೆ ಮಕ್ಕಳಲ್ಲಿ ಮೊದಲಿಬ್ರು ಗಂಡುಮಕ್ಕಳು ಸರಿಸಮಾನ ಕುಲದಲ್ಲಿ ಮದುವೆ ಆಗ್ಲಿಲ್ಲ ಅಂತ ವಾರಸುದಾರಿಕೆಯಿಂದ ಹೊರಗೆ, ಮೂರನೇ ಮಗ ಅಂದ್ರೆ ಇವರಪ್ಪ ಕಟ್ಟಳೆ ಪ್ರಕಾರ ಮದುವೆ ಆದ್ರು, ಆದ್ರೆ 1977ರಲ್ಲಿ ಸೇನೆಯ ಕವಾಯತಿನಲ್ಲಿ ಆದ ಅಪಘಾತದಿಂದ ತೀರ್ಕೊಂಡ್ರು. ಆಗ ಈ ಮಗುಗೆ ಒಂದು ವರ್ಷ, ತಂಗಿ ಇನ್ನೂ ಹುಟ್ಟಿರ್ಲಿಲ್ಲ. 1994ರಲ್ಲಿ ಅಜ್ಜ ಹೋದಾಗ 18ರ ಹುಡುಗ ಯಜಮಾನ ಆದ, ದೊಡ್ಡಪ್ಪಂದಿರು ಕೋರ್ಟಿಗೆ ಹೋದ್ರು.

ಕೇಸಿನ ಗಂಟು ಇರೋದು 1938ರಲ್ಲಿ ಕ್ರೋನ್‌ಪ್ರಿನ್ಟ್ಸ್ ಮತ್ತು ಲೂಯಿ ಫರ್ಡಿನಾಂಡ್ ಮಾಡ್ಕೊಂಡ ವಾರಸಾ ಒಪ್ಪಂದದಲ್ಲಿ, ಕೆಳಗಿನ ಕುಲದಲ್ಲಿ ಮದುವೆ ಆದವನಿಗೆ ಆಸ್ತಿ ಇಲ್ಲ ಅಂತ ಅದರಲ್ಲಿತ್ತು. 1998ರಲ್ಲಿ ಫೆಡರಲ್ ಕೋರ್ಟ್ ಷರತ್ತು ಸರಿ ಅಂತು, 2004ರಲ್ಲಿ ಸಂವಿಧಾನ ಕೋರ್ಟ್ ಇದು ಇಷ್ಟಪಟ್ಟವರನ್ನ ಮದುವೆ ಆಗೋ ಸ್ವಾತಂತ್ರ್ಯಕ್ಕೆ ಅಡ್ಡ ಬರುತ್ತೆ, ಅದನ್ನ ಸರಿಯಾಗಿ ತೂಗಿಲ್ಲ ಅಂತ ವಾಪಸ್ ಕಳಿಸ್ತು. ಎಲ್ಲಾ ಮುಗಿದಾಗ ಮುಖ್ಯ ವಾರಸುದಾರ ಗಿಯೋರ್ಗ್ ಫ್ರೀಡ್ರಿಖ್ ಅವರೇ. ಗಮನಿಸಿ, ಇಷ್ಟು ವರ್ಷದ ಜಗಳದಲ್ಲಿ ಯಾವ ಜಡ್ಜೂ ‘ಮುಂದಿನ ರಾಜ ಯಾರು’ ಅಂತ ತೀರ್ಪು ಕೊಡ್ಲಿಲ್ಲ, ಅದು ಕೋರ್ಟಿನ ಪ್ರಶ್ನೆಯೇ ಆಗಿರ್ಲಿಲ್ಲ. 2011ರಲ್ಲಿ ಪಾಟ್ಸ್‌ಡಾಮ್‌ನಲ್ಲಿ ಇವರ ಮದುವೆ ಆಯ್ತು, ಹುಡುಗಿ ಇಸೆನ್‌ಬರ್ಗ್ ಮನೆತನದ ಸೋಫಿ, ಅಂದ್ರೆ ಹಳೇ ಕಟ್ಟಳೆಯವರೂ ಬಾಯಿ ಮುಚ್ಕೊಳ್ಳೋ ಸಂಬಂಧ. ನಾಲ್ಕು ಮಕ್ಕಳು.

ಆಮೇಲಿನ ದೊಡ್ಡ ಗಲಾಟೆ ಸರ್ಕಾರದ ಜೊತೆ. ಯುದ್ಧ ಮುಗಿದ್ಮೇಲೆ ಸೋವಿಯತ್ ಕೈಲಿದ್ದ ಭಾಗದಲ್ಲಿ ಹೋದ ಆಸ್ತಿಗೆ 1994ರ ಕಾನೂನಿನಲ್ಲಿ ಪರಿಹಾರ ಉಂಟು, ಆದ್ರೆ ಆಸ್ತಿ ಯಾರದಾಗಿತ್ತೋ ಅವರು ನಾಜಿಗಳಿಗೆ ಗಣನೀಯವಾಗಿ ನೆರವಾಗಿದ್ರೆ ಇಲ್ಲ. ಕ್ರೋನ್‌ಪ್ರಿನ್ಟ್ಸ್ ವಿಲ್‌ಹೆಲ್ಮ್ 1932ರ ಅಧ್ಯಕ್ಷ ಚುನಾವಣೆಯಲ್ಲಿ ಹಿಟ್ಲರ್‌ಗೆ ಓಟು ಹಾಕ್ತೀನಿ ಅಂತ ಬಹಿರಂಗವಾಗಿ ಹೇಳಿದ್ದ ಮನುಷ್ಯ. ಅದು ‘ಗಣನೀಯ’ ಹೌದೋ ಅಲ್ವೋ ಅಂತ ಇತಿಹಾಸಕಾರರು ಎರಡು ಪಾಳಯ ಆಗಿ ಕಿತ್ತಾಡಿದ್ರು. 2019ರಲ್ಲಿ ಮಾತುಕತೆ ಕಾಗದ ಹೊರಗೆ ಬಂದು, 1945ರ ಪಾಟ್ಸ್‌ಡಾಮ್ ಸಭೆ ನಡೆದ ಸಿಸಿಲಿಯೆನ್‌ಹೋಫ್ ಅರಮನೆಯಂಥ ಕಡೆ ವಾಸದ ಹಕ್ಕೂ ಕೇಳಿದ್ದಾರೆ ಅಂತ ಗೊತ್ತಾದಾಗ ಜನ ಸಿಟ್ಟಾದ್ರು, ನನ್ನನ್ನ ಕೇಳಿದ್ರೆ ಆ ಸಿಟ್ಟು ನ್ಯಾಯವಾದದ್ದೇ. 2023ರಲ್ಲಿ ಪರಿಹಾರದ ಕೇಸ್ ವಾಪಸ್ ತಗೊಂಡ್ರು, ಹಾಗಾಗಿ ಮುತ್ತಜ್ಜನ ವಿಚಾರದಲ್ಲಿ ಕೋರ್ಟ್ ಕೊನೇ ಮಾತು ಹೇಳಲೇ ಇಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ, ಬರ್ಲಿನ್, ಬ್ರಾಂಡೆನ್‌ಬರ್ಗ್ ಜೊತೆ ಕಲಾವಸ್ತುಗಳ ಬಗ್ಗೆ ರಾಜಿ ಆಯ್ತು, ಸುಮಾರು 27 ಸಾವಿರ ವಸ್ತು, ಬಹುಪಾಲು ಮ್ಯೂಸಿಯಂಗಳಲ್ಲೇ ಉಳಿಯೋ ಹಾಗೆ ಒಂದು ಟ್ರಸ್ಟ್. ಆ ಮೇಜಿನ ಈಚೆ ಕೂತಿದ್ದು ಯಾವ ಯುವರಾಜನೂ ಅಲ್ಲ, ಒಂದು ಕುಟುಂಬದ ಪರವಾಗಿ ಅದರ ಯಜಮಾನ.