ಪ್ಲೇಗಿನಿಂದ ಕೋವಿಡ್‌ವರೆಗೆ: ವಿಚಾರಣೆಗಳು ಏನು ಉಳಿಸಿಹೋದವು?

2020ರ ನವೆಂಬರ್‌ನಲ್ಲಿ ಎರಡು ವರದಿಗಳು ಸಿದ್ಧವಾದವು. ದೆಹಲಿಯಲ್ಲಿ ಸಂಸತ್ತಿನ ಆರೋಗ್ಯ ಸ್ಥಾಯಿ ಸಮಿತಿ ಕೋವಿಡ್ ನಿರ್ವಹಣೆಯನ್ನು ಪರಿಶೀಲಿಸಿ, ಆಸ್ಪತ್ರೆಗಳಿಗೆ ಆಮ್ಲಜನಕ ಕೊರತೆಯಾಗದಂತೆ ನೋಡಿಕೊಳ್ಳಿ, ಸಿಲಿಂಡರಿನ ಬೆಲೆಗೆ ಮಿತಿ ಹಾಕಿ ಎಂದು ಹೇಳಿತು. ಬೆಂಗಳೂರಿನಲ್ಲಿ ಡಾ. ಎಂ.ಕೆ. ಸುದರ್ಶನ್ ಅಧ್ಯಕ್ಷತೆಯ ತಾಂತ್ರಿಕ ಸಲಹಾ ಸಮಿತಿ, ಜನವರಿ-ಫೆಬ್ರುವರಿಯಲ್ಲಿ ಎರಡನೇ ಅಲೆ ಬರಬಹುದು, ಸಿದ್ಧರಾಗಿರಿ ಎಂದು ರಾಜ್ಯ ಸರ್ಕಾರವನ್ನು ಎಚ್ಚರಿಸಿತು. ಅಲೆ ತುಸು ತಡವಾಗಿಯೇ ಬಂತು. ಅಂದರೆ ಸಿದ್ಧತೆಗೆ ಸಮಿತಿ ಹೇಳಿದ್ದಕ್ಕಿಂತ ಹೆಚ್ಚಿನ ಕಾಲಾವಕಾಶವೇ ಸಿಕ್ಕಿತ್ತು. ಆದರೂ 2021ರ ಮೇ 5ರಂದು ರಾಜ್ಯದಲ್ಲಿ ಒಂದೇ ದಿನ ಐವತ್ತು ಸಾವಿರಕ್ಕೂ ಹೆಚ್ಚು ಹೊಸ ಪ್ರಕರಣಗಳು ದಾಖಲಾದಾಗ, ಜನ ಹಾಸಿಗೆಗಾಗಿ, ಆಮ್ಲಜನಕಕ್ಕಾಗಿ ಕಂಡಕಂಡವರಿಗೆಲ್ಲ ಫೋನ್ ಮಾಡುತ್ತಿದ್ದರು. ರಾಜ್ಯದ ಆಮ್ಲಜನಕದ ಪಾಲನ್ನು ದಿನಕ್ಕೆ 965 ಟನ್‌ನಿಂದ 1,200 ಟನ್‌ಗೆ ಏರಿಸುವಂತೆ ಕೇಂದ್ರಕ್ಕೆ ಆದೇಶಿಸಬೇಕಾಗಿ ಬಂದದ್ದು ಹೈಕೋರ್ಟು. ಆ ಆದೇಶದ ವಿರುದ್ಧ ಕೇಂದ್ರ ಸುಪ್ರೀಂ ಕೋರ್ಟಿಗೂ ಹೋಯಿತು, ಅಲ್ಲಿ ಪುರಸ್ಕಾರ ಸಿಗಲಿಲ್ಲ.

ಎಚ್ಚರಿಕೆ ಕೊಡುವವರಿಗೆ ನಮ್ಮಲ್ಲಿ ಬರವಿಲ್ಲ. ಸಾಂಕ್ರಾಮಿಕ ಮುಗಿದ ಮೇಲೆ ಆಳಿದವರು ಮಾಡಿದ್ದೇನು, ಬಿಟ್ಟಿದ್ದೇನು ಎಂದು ಕೂತು ಪರಿಶೀಲಿಸಿ, ಸಿಕ್ಕಿದ್ದನ್ನು ಕಾನೂನಿಗೋ ಬಜೆಟ್ಟಿಗೋ ಸೇರಿಸುವ ಅಭ್ಯಾಸ ಮಾತ್ರ ಬೇರೂರಲಿಲ್ಲ. ಹಾಗೆಂದು ಅದು ಈ ನೆಲಕ್ಕೆ ಹೊಸದೇನಲ್ಲ. ನೂರಿಪ್ಪತ್ತೈದು ವರ್ಷಗಳ ಹಿಂದೆ ಅಂಥದೊಂದು ಪರಿಶೀಲನೆ ನಡೆದಿತ್ತು, ಅದೂ ಪರಕೀಯ ಸರ್ಕಾರದ ಕೈಯಿಂದ.

1896ರ ಸೆಪ್ಟೆಂಬರಿನಲ್ಲಿ ಮುಂಬೈಯಲ್ಲಿ ಪ್ಲೇಗು ಕಾಣಿಸಿಕೊಂಡಿತು. 1897ರ ಫೆಬ್ರುವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯ್ದೆ ಜಾರಿಗೆ ಬಂತು. ನಾಲ್ಕೇ ಸೆಕ್ಷನ್‌ಗಳ ಆ ಕಾಯ್ದೆ ಅಧಿಕಾರಿಗಳಿಗೆ ಏನನ್ನಾದರೂ ಮಾಡುವ ಅಧಿಕಾರ ಕೊಟ್ಟಿತು, ಸದುದ್ದೇಶದಿಂದ ಮಾಡಿದ್ದಕ್ಕೆ ದಾವೆ ಹೂಡದಂತೆ ರಕ್ಷಣೆಯನ್ನೂ ಕೊಟ್ಟಿತು. ಪುಣೆಯಲ್ಲಿ ಸೈನಿಕರು ಮನೆ ಹೊಕ್ಕು ಹೆಂಗಸರನ್ನೂ ಬಿಡದೆ ತಪಾಸಣೆ ನಡೆಸಿದರು. ಸಿಟ್ಟು ಎಷ್ಟಿತ್ತೆಂದರೆ ಅಲ್ಲಿನ ಪ್ಲೇಗು ಅಧಿಕಾರಿ ರ್‍ಯಾಂಡ್ ಅದೇ ಜೂನ್‌ನಲ್ಲಿ ಗುಂಡೇಟು ತಿಂದು, ಮುಂದಿನ ತಿಂಗಳು ಸತ್ತ. ಹುಬ್ಬಳ್ಳಿ-ಧಾರವಾಡದ ಕಡೆ ರೋಗ ಹಬ್ಬಿ, ರೈಲು ಹಿಡಿದು 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೂ ಬಂತು. ಮೈಸೂರು ಸಂಸ್ಥಾನ ವಿ.ಪಿ. ಮಾಧವರಾಯರನ್ನು ಪ್ಲೇಗು ಕಮಿಷನರ್ ಆಗಿ ನೇಮಿಸಿತು. ಸೋಂಕು ತಗಲಿದವರ ಮನೆ ಖಾಲಿ ಮಾಡಿಸುವುದು, ಊರ ಹೊರಗಿನ ಷೆಡ್ಡುಗಳಿಗೆ ಸಾಗಿಸುವುದು, ಪ್ರಯಾಣಿಕರನ್ನು ತಡೆದು ನೋಡುವುದು ಇಲ್ಲೂ ನಡೆಯಿತು. ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ ಗಲಭೆಯೂ ಆಯಿತು.

ಇಷ್ಟಾಗುವಾಗ ರೋಗ ಇನ್ನೂ ಕೊಲ್ಲುತ್ತಲೇ ಇತ್ತು. ಆದರೂ ಬ್ರಿಟಿಷ್ ಸರ್ಕಾರ 1898ರ ಕೊನೆಗೆ ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರೊಫೆಸರ್ ಟಿ.ಆರ್. ಫ್ರೇಸರ್ ಅಧ್ಯಕ್ಷತೆಯಲ್ಲಿ ಐವರ ಪ್ಲೇಗು ಆಯೋಗವನ್ನು ಕಳುಹಿಸಿತು. ರೋಗ ಹೇಗೆ ಹರಡಿತು, ಹಾಫ್‌ಕಿನ್ ಎಂಬ ವಿಜ್ಞಾನಿ ತಯಾರಿಸಿದ್ದ ಪ್ಲೇಗು ಲಸಿಕೆ ಕೆಲಸ ಮಾಡುತ್ತದೆಯೇ, ಮನೆ ಖಾಲಿ ಮಾಡಿಸಿದ್ದರಿಂದ ಪ್ರಯೋಜನವಾಯಿತೇ ಎಂದೆಲ್ಲ ಅದು ವೈದ್ಯರನ್ನೂ ಅಧಿಕಾರಿಗಳನ್ನೂ ಕೂರಿಸಿ ಕೇಳಿತು. ಹುಬ್ಬಳ್ಳಿಯಲ್ಲಿ ಸಾಮೂಹಿಕವಾಗಿ ಹಾಕಿದ್ದ ಲಸಿಕೆಯ ಅಂಕಿಅಂಶಗಳನ್ನು ಜಾಲಾಡಿತು. ಲೆಕ್ಕದಲ್ಲಿ ದೋಷಗಳಿವೆ ಎಂದರೂ ಲಸಿಕೆಯಿಂದ ಉಪಯೋಗವಿದೆ ಎಂದು ಒಪ್ಪಿತು. ಸಾಕ್ಷ್ಯಗಳೆಲ್ಲ ಸಂಪುಟಗಳಾಗಿ ಅಚ್ಚಾದವು. ಇವತ್ತಿಗೂ ಯಾರು ಬೇಕಾದರೂ ಓದಬಹುದು.

ಆಯೋಗ ಒಂದು ದೊಡ್ಡ ವಿಷಯದಲ್ಲಿ ಮುಗ್ಗರಿಸಿತು. ಫ್ರೆಂಚ್ ವಿಜ್ಞಾನಿ ಪಾಲ್-ಲೂಯಿ ಸಿಮೋಂಡ್ 1898ರಲ್ಲಿಯೇ, ಪ್ಲೇಗನ್ನು ಇಲಿಯಿಂದ ಮನುಷ್ಯನಿಗೆ ದಾಟಿಸುವುದು ಚಿಗಟ ಎಂದು ವಾದಿಸಿದ್ದ. ಆಯೋಗ ಅದನ್ನು ತಳ್ಳಿಹಾಕಿತು. ವಿಚಿತ್ರವೆಂದರೆ ಹಳ್ಳಿಯ ಜನಕ್ಕೆ ಅರ್ಧ ಸತ್ಯ ಗೊತ್ತಿತ್ತು. ಅಟ್ಟದಿಂದ ಇಲಿ ಬಿತ್ತೆಂದರೆ ಸಾಕು, ಯಾವ ಅಧಿಕಾರಿಗೂ ಕಾಯದೆ ಪಾತ್ರೆಪಗಡ ಕಟ್ಟಿಕೊಂಡು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಕನ್ನಡ ನಾಡಿನ ಎಷ್ಟೋ ಮನೆತನಗಳ ನೆನಪಿನಲ್ಲಿ ‘ಇಲಿ ಬಿದ್ದ ವರ್ಷ’ ಎಂದೇ ಒಂದು ಕಾಲಗಣನೆ ಇದೆ. ದೊಡ್ಡ ವಿದ್ವಾಂಸರ ಆಯೋಗಕ್ಕೆ ಕಾಣದ್ದು ಹಟ್ಟಿಯ ಅಜ್ಜಿಗೆ ಕಂಡಿತ್ತು!

ಆದರೆ ಫ್ರೇಸರ್ ವರದಿಯೊಂದಿಗೆ ಕಥೆ ಮುಗಿಯಲಿಲ್ಲ. ವರದಿಯೂ ಸಾಕ್ಷ್ಯಗಳೂ ಬಹಿರಂಗವಾಗಿದ್ದುದರಿಂದ ಅದರ ತಪ್ಪನ್ನು ಹಿಡಿಯುವುದು ಸಾಧ್ಯವಾಯಿತು. 1905ರಲ್ಲಿ ಎರಡನೆಯ ಸಂಶೋಧನಾ ಆಯೋಗ ಬಂತು; ಮುಂಬೈಯಲ್ಲಿ ನಡೆದ ಪ್ರಯೋಗಗಳು ಸಿಮೋಂಡ್ ಹೇಳಿದ್ದೇ ಸರಿ ಎಂದು ತೋರಿಸಿದವು. ಹಾಫ್‌ಕಿನ್‌ಗೂ ಹೀಗೆಯೇ ತಡವಾಗಿ ನ್ಯಾಯ ಸಿಕ್ಕಿತು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಲಸಿಕೆ ಹಾಕಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತಾಗ ಆಪಾದನೆ ಅವರ ಮೇಲೆ ಬಂದು, ಹುದ್ದೆ ಹೋಗಿತ್ತು. ವರ್ಷಗಟ್ಟಲೆ ವಾದವಿವಾದ ನಡೆದ ಮೇಲೆ 1907ರಲ್ಲಿ ದೋಷಮುಕ್ತರಾದರು. ಪರಿಶೀಲನೆಯನ್ನೇ ಮತ್ತೆ ಪರಿಶೀಲಿಸಲು ದಾಖಲೆಗಳು ಸಿಗುವಂತಿದ್ದುದು ಆ ಕಾಲದ ದೊಡ್ಡ ಗುಣ. ವಸಾಹತು ಆಡಳಿತವನ್ನು ಹೊಗಳುವ ಉತ್ಸಾಹ ನನಗಿಲ್ಲ. ಅದರ ದಾಖಲೆಯ ಶಿಸ್ತನ್ನು ಅಲ್ಲಗಳೆಯುವುದೂ ಕಷ್ಟ.

ಬೆಂಗಳೂರಿನ ಮಟ್ಟಿಗೆ ಪ್ಲೇಗಿನ ಪಾಠ ಇಟ್ಟಿಗೆ-ಗಾರೆಯಲ್ಲಿ ಉಳಿಯಿತು. ಇಕ್ಕಟ್ಟಾದ ಪೇಟೆಗಳಿಂದ ಜನ ಹೊರಬರಲೆಂದು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳ ಕೆಲಸ ಚುರುಕಾಯಿತು. ಅಗಲ ರಸ್ತೆ, ಮನೆಗಳ ಹಿಂದೆ ಜಾಡಮಾಲಿ ಓಣಿ, ಗಾಳಿ-ಬೆಳಕು ಎಲ್ಲವೂ ರೋಗದ ಭಯದಿಂದ ಬಂದವು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿಗೆಂದೇ ಪ್ರತ್ಯೇಕ ಮಂಡಳಿ ರಚನೆಯಾಯಿತು. ಜನರು ತಮ್ಮ ಪಾಲಿಗೆ ಪ್ಲೇಗಮ್ಮನ ಗುಡಿ ಕಟ್ಟಿಕೊಂಡರು. ಅವು ಇಂದಿಗೂ ಇವೆ.

1918ರ ಇನ್‌ಫ್ಲುಯೆಂಜಾ ಪ್ಲೇಗಿಗಿಂತ ಎಷ್ಟೋ ಪಟ್ಟು ವೇಗವಾಗಿ ಕೊಂದಿತು. 1911ರಿಂದ 1921ರ ನಡುವೆ ಭಾರತದ ಜನಸಂಖ್ಯೆ ಕುಗ್ಗಿತು. ಜನಗಣತಿಯ ಇತಿಹಾಸದಲ್ಲಿ ಹಾಗಾದದ್ದು ಅದೊಂದೇ ದಶಕ. ಅದರ ಬಗ್ಗೆ ಬಂದದ್ದು ಸ್ಯಾನಿಟರಿ ಕಮಿಷನರ್ ನಾರ್ಮನ್ ವೈಟ್ ಬರೆದ ಒಂದು ಪ್ರಾಥಮಿಕ ವರದಿ. ಇಷ್ಟು ದೊಡ್ಡ ಸಾವು ಇಷ್ಟು ಚಿಕ್ಕ ಕಡತದಲ್ಲಿ ಅಡಗಿಹೋಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಕಲ್ಪನೆಗೆ ಅಖಿಲ ಭಾರತ ಮಟ್ಟದ ರೂಪ ಸಿಗಲು 1946ರ ಭೋರ್ ಸಮಿತಿ ವರದಿಯವರೆಗೆ ಕಾಯಬೇಕಾಯಿತು.

ಸ್ವತಂತ್ರ ಭಾರತದಲ್ಲಿ ಒಂದು ರೋಗದ ಹಾವಳಿ ನೇರವಾಗಿ ವ್ಯವಸ್ಥೆಯನ್ನು ಬದಲಿಸಿದ ಒಳ್ಳೆಯ ಉದಾಹರಣೆ ಸೂರತ್. 1994ರ ಸೆಪ್ಟೆಂಬರಿನಲ್ಲಿ ಅಲ್ಲಿ ಪ್ಲೇಗು ಎಂಬ ಸುದ್ದಿ ಹಬ್ಬುತ್ತಲೇ ಲಕ್ಷಾಂತರ ಜನ ಊರು ಬಿಟ್ಟರು. ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ, ಆದರೆ ವಿದೇಶಗಳು ವಿಮಾನ ನಿಲ್ಲಿಸಿದವು, ರಫ್ತು ಕುಸಿಯಿತು. ಅದು ನಿಜಕ್ಕೂ ಪ್ಲೇಗೇ ಎಂದು ಹೇಳಲಿಕ್ಕೂ ನಮ್ಮ ಪ್ರಯೋಗಾಲಯಗಳು ತಡವರಿಸಿದ್ದು ಎಲ್ಲಕ್ಕಿಂತ ದೊಡ್ಡ ಮುಜುಗರ. ಡಾ. ವಿ. ರಾಮಲಿಂಗಸ್ವಾಮಿ ನೇತೃತ್ವದ ತಜ್ಞರ ಸಮಿತಿ ಪರಿಶೀಲಿಸಿತು. 1997ರಲ್ಲಿ ರಾಷ್ಟ್ರೀಯ ರೋಗ ನಿಗಾ ಕಾರ್ಯಕ್ರಮ ಶುರುವಾಯಿತು, 2004ರಲ್ಲಿ ಅದು ಸಮಗ್ರ ರೋಗ ನಿಗಾ ಯೋಜನೆಯಾಗಿ ಬೆಳೆಯಿತು. ಯಾವ ತಾಲ್ಲೂಕಿನಲ್ಲಿ ವಾಂತಿಭೇದಿ ಹೆಚ್ಚಾಗಿದೆ, ಎಲ್ಲಿ ಡೆಂಗಿ ಎಂದು ವಾರವಾರ ಜಿಲ್ಲೆಯಿಂದ ದೆಹಲಿಗೆ ಮಾಹಿತಿ ಹೋಗುವ ಏರ್ಪಾಟು ಹೀಗೆ ಬಂದದ್ದು. 2018ರಲ್ಲಿ ಅದರ ಡಿಜಿಟಲ್ ರೂಪವನ್ನು ಮೊದಲು ಅಳವಡಿಸಿದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕೋವಿಡ್‌ನ ಮೊದಲ ತಿಂಗಳುಗಳಲ್ಲಿ ಸಂಪರ್ಕ ಪತ್ತೆಗೆ ಬೆಂಗಳೂರನ್ನು ಕೇಂದ್ರ ಸರ್ಕಾರ ಮಾದರಿ ಎಂದು ಕರೆದದ್ದು ಸುಮ್ಮನೆ ಅಲ್ಲ.

ಹಾಗಾದರೆ ಎಡವಿದ್ದೆಲ್ಲಿ? ಚಾಮರಾಜನಗರವನ್ನು ನೋಡಿದರೆ ತಿಳಿಯುತ್ತದೆ.

2021ರ ಮೇ 2ರ ರಾತ್ರಿಯಿಂದ 3ರ ಬೆಳಗಿನ ನಡುವೆ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಬರಿದಾಯಿತು. 24 ಜನ ಸತ್ತರು. ಜಿಲ್ಲೆಗೆ ಸಿಲಿಂಡರ್ ಬರಬೇಕಿದ್ದದ್ದು ಮೈಸೂರಿನಿಂದ. ಎರಡು ಜಿಲ್ಲೆಗಳ ಆಡಳಿತಗಳು ಪರಸ್ಪರ ಬೆರಳು ತೋರಿಸಿಕೊಂಡವು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರ ಎಂದು ಸರ್ಕಾರದ ಕಡೆಯಿಂದ ಹೇಳಿಕೆ ಬಂತು. ಹೈಕೋರ್ಟಿನ ಸೂಚನೆಯಂತೆ ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡ ನೇತೃತ್ವದ ಸಮಿತಿ ಅದೇ ತಿಂಗಳು ಸ್ಥಳಕ್ಕೆ ಹೋಗಿ ದಾಖಲೆ ನೋಡಿತು. ಮೂವರೆಂಬ ಲೆಕ್ಕವನ್ನು ಒಪ್ಪಲಿಲ್ಲ. ಎರಡೇ ತಿಂಗಳ ನಂತರ, ಜುಲೈ 20ರಂದು, ಆಮ್ಲಜನಕದ ಕೊರತೆಯಿಂದ ಸಾವು ಸಂಭವಿಸಿದೆ ಎಂದು ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂದು ಕೇಂದ್ರ ರಾಜ್ಯಸಭೆಗೆ ತಿಳಿಸಿತು. ತಾಂತ್ರಿಕವಾಗಿ ಅದು ಸುಳ್ಳಲ್ಲ. ವರದಿಯ ನಮೂನೆಯಲ್ಲಿ ‘ಆಮ್ಲಜನಕದ ಕೊರತೆ’ ಎಂಬ ಕಾಲಮ್ಮೇ ಇಲ್ಲದಿದ್ದರೆ ಯಾರು ತಾನೇ ತುಂಬುತ್ತಾರೆ?

ಈ ದುರಂತದಿಂದ ಕಲಿಯಬೇಕಾದದ್ದು ಬಹಳ ಸರಳವಾಗಿತ್ತು. ಜಿಲ್ಲಾಸ್ಪತ್ರೆಯಲ್ಲಿ ಎಷ್ಟು ಗಂಟೆಗೆ ಸಾಲುವಷ್ಟು ದಾಸ್ತಾನು ಇರಬೇಕು, ಅದು ಇಂತಿಷ್ಟಕ್ಕಿಂತ ಕೆಳಗಿಳಿದರೆ ಯಾರು ಯಾರಿಗೆ ತಿಳಿಸಬೇಕು, ಪಕ್ಕದ ಜಿಲ್ಲೆ ಕೊಡದಿದ್ದರೆ ಮಧ್ಯರಾತ್ರಿ ತೀರ್ಮಾನ ಮಾಡುವವರು ಯಾರು. ಎರಡನೇ ಅಲೆಯ ಬಳಿಕ ಪಿಎಂ ಕೇರ್ಸ್ ನಿಧಿಯಿಂದ ದೇಶದಾದ್ಯಂತ ಸಾವಿರದ ಇನ್ನೂರಕ್ಕೂ ಹೆಚ್ಚು ಆಮ್ಲಜನಕ ಉತ್ಪಾದನಾ ಘಟಕಗಳು ಬಂದವು. ಅದು ಒಳ್ಳೆಯ ಕೆಲಸವೇ. 2022ರ ಡಿಸೆಂಬರ್ 27ರಂದು ಮತ್ತು 2023ರ ಏಪ್ರಿಲ್‌ನಲ್ಲಿ ಆಸ್ಪತ್ರೆಗಳಲ್ಲಿ ಅಣಕು ಕಾರ್ಯಾಚರಣೆಗಳೂ ನಡೆದವು. ಆದರೆ ಯಂತ್ರ ಇರುವುದು ಒಂದು, ಅದನ್ನು ನಡೆಸುವ ತಂತ್ರಜ್ಞ, ದುರಸ್ತಿಯ ಗುತ್ತಿಗೆ, ಕರೆಂಟು ಹೋದರೆ ಜನರೇಟರಿಗೆ ಡೀಸೆಲ್ ಇರುವುದು ಇನ್ನೊಂದು. ಅಣಕು ಕಾರ್ಯಾಚರಣೆಯ ದಿನ ಎಲ್ಲವೂ ಓಡುತ್ತದೆ. ಆ ದಿನ ಕಂಡ ಕೊರತೆಗಳ ಪಟ್ಟಿಯನ್ನು ಆಸ್ಪತ್ರೆಯ ಗೋಡೆಗೆ ಅಂಟಿಸುವ ಪದ್ಧತಿ ಇದ್ದಿದ್ದರೆ ನಮಗೂ ಗೊತ್ತಾಗುತ್ತಿತ್ತು.

ರಾಜ್ಯದಲ್ಲಿ ನಡೆದ ದೊಡ್ಡ ವಿಚಾರಣೆ ಬೇರೆ ದಾರಿ ಹಿಡಿಯಿತು. 2023ರಲ್ಲಿ ಸರ್ಕಾರ ಬದಲಾದ ಮೇಲೆ, ಹಿಂದಿನ ಸರ್ಕಾರದ ಅವಧಿಯ ಕೋವಿಡ್ ಖರೀದಿಗಳ ತನಿಖೆಗೆ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹಾ ಆಯೋಗ ರಚನೆಯಾಯಿತು. 2024ರ ಆಗಸ್ಟ್ 31ರಂದು ಅದು ಮೊದಲ ವರದಿ ಕೊಟ್ಟಿತು. ಪಿಪಿಇ ಕಿಟ್ ಯಾವ ದರಕ್ಕೆ ಬಂತು, ಟೆಂಡರ್ ನಿಯಮ ಮೀರಿದ್ದು ಯಾರು, ಎಷ್ಟು ಹಣ ವಸೂಲಿಯಾಗಬೇಕು ಎಂಬುದು ಸುದ್ದಿಯಾಯಿತು. ಇದು ರಾಜಕೀಯ ದ್ವೇಷ ಎಂದು ಆಗ ಆಳುತ್ತಿದ್ದವರು ಹೇಳಿದರು. ಸತ್ಯ ಹೊರಬರಲಿ ಎಂದು ಈಗ ಆಳುವವರು ಹೇಳಿದರು. ಸಾರ್ವಜನಿಕ ಹಣ ತಿಂದವರು ಸಿಕ್ಕಿಬೀಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಇಷ್ಟೇ: ಖರೀದಿಯ ವಿಚಾರಣೆ ಮುಗಿಯುವ ಹೊತ್ತಿಗೆ, ಅಷ್ಟು ತುರ್ತಾಗಿ, ಅಷ್ಟು ಅಡ್ಡಾದಿಡ್ಡಿಯಾಗಿ ಖರೀದಿಸಬೇಕಾದ ಪರಿಸ್ಥಿತಿ ಬಂದದ್ದೇಕೆ ಎಂಬ ಪ್ರಶ್ನೆ ಯಾರಿಗೂ ನೆನಪಿರುವುದಿಲ್ಲ. ಮೊದಲೇ ದರ ಒಪ್ಪಂದ, ದಾಸ್ತಾನು ಇದ್ದರೆ ನಿಯಮ ಮೀರಲು ಅವಕಾಶವೂ ಕಡಿಮೆ, ನೆವವೂ ಕಡಿಮೆ.

ಸತ್ತವರ ಲೆಕ್ಕದ ಕಥೆ ಇನ್ನೂ ಕಹಿ. 2020 ಮತ್ತು 2021ರಲ್ಲಿ ಭಾರತದಲ್ಲಿ ಸುಮಾರು 47 ಲಕ್ಷ ಹೆಚ್ಚುವರಿ ಸಾವು ಸಂಭವಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜಿಸಿತು. ಅಧಿಕೃತ ಕೋವಿಡ್ ಸಾವುಗಳು ಐದು ಲಕ್ಷದ ಒಳಗಿದ್ದವು. ಲೆಕ್ಕ ಹಾಕಿದ ವಿಧಾನವೇ ಸರಿಯಿಲ್ಲ ಎಂದು ಸರ್ಕಾರ ಕಟುವಾಗಿ ಆಕ್ಷೇಪಿಸಿತು. 2025ರಲ್ಲಿ ನಮ್ಮದೇ ಜನನ-ಮರಣ ನೋಂದಣಿಯ ಅಂಕಿಗಳು ಬಂದಾಗ, 2020ರಲ್ಲಿ 81 ಲಕ್ಷವಿದ್ದ ನೋಂದಾಯಿತ ಸಾವು 2021ರಲ್ಲಿ 1.02 ಕೋಟಿಗೆ ಏರಿತ್ತು. ಈ ಇಪ್ಪತ್ತೊಂದು ಲಕ್ಷವೆಲ್ಲ ಕೋವಿಡ್ ಎಂದು ಯಾರೂ ಹೇಳಲಾರರು, ನೋಂದಣಿಯೂ ಸುಧಾರಿಸಿರಬಹುದು. ಆದರೂ ಮುಂದಿನ ಬಾರಿ ಎಷ್ಟು ಹಾಸಿಗೆ, ಎಷ್ಟು ವೈದ್ಯರು ಬೇಕು ಎಂದು ಲೆಕ್ಕ ಹಾಕುವವನು ಕಳೆದ ಬಾರಿ ಎಷ್ಟು ಜನ ಸತ್ತರೆಂಬ ಅಂಕಿಯಿಂದಲೇ ಶುರುಮಾಡಬೇಕು. ಆ ಅಂಕಿ ನಾಲ್ಕು ವರ್ಷ ತಡವಾಗಿ ಬಂತು.

ಬ್ರಿಟನ್ ಬೇರೆ ರೀತಿ ಹೋಯಿತು. ನಿವೃತ್ತ ನ್ಯಾಯಾಧೀಶೆ ಹೆದರ್ ಹ್ಯಾಲೆಟ್ ನೇತೃತ್ವದ ಅಲ್ಲಿನ ವಿಚಾರಣೆ 2024ರ ಜುಲೈನಲ್ಲಿ ಕೊಟ್ಟ ಮೊದಲ ವರದಿ ಪೂರ್ತಿ ಸಿದ್ಧತೆಯ ಬಗ್ಗೆಯೇ ಇತ್ತು. ದೇಶ ಸಿದ್ಧವಾಗಿದ್ದುದು ತಪ್ಪು ಸಾಂಕ್ರಾಮಿಕಕ್ಕೆ, ಅಂದರೆ ಇನ್‌ಫ್ಲುಯೆಂಜಾಕ್ಕೆ, ಎಂದು ಹೇಳಿತು. ಮಾಜಿ ಪ್ರಧಾನಿಗಳೂ ಸಾಕ್ಷಿಕಟ್ಟೆಯಲ್ಲಿ ಕೂತು ಉತ್ತರ ಕೊಟ್ಟರು, ಅವರ ವಾಟ್ಸ್‌ಆ್ಯಪ್ ಸಂದೇಶಗಳಿಗೂ ಬೇಡಿಕೆ ಬಂತು. ವಿಚಾರಣೆಗೆ ತಗಲಿದ ಹಣ, ಕಾಲ ಎರಡೂ ವಿಪರೀತ ಎಂಬ ಟೀಕೆ ಅಲ್ಲಿಯೂ ಇದೆ.

ನಮ್ಮಲ್ಲಿ ಕೇಂದ್ರ ಮಟ್ಟದ ಸ್ವತಂತ್ರ ವಿಚಾರಣಾ ಆಯೋಗ ರಚನೆಯಾಗಲೇ ಇಲ್ಲ. ಆದರೆ ಕಡತಗಳ ರೂಪದಲ್ಲಿ ಕೆಲಸ ನಡೆದಿದೆ. 2024ರ ಫೆಬ್ರುವರಿಯಲ್ಲಿ ಕಾನೂನು ಆಯೋಗ ತನ್ನ 286ನೇ ವರದಿಯಲ್ಲಿ 1897ರ ಕಾಯ್ದೆಯ ಕೊರತೆಗಳನ್ನು ಬಿಡಿಸಿ ಹೇಳಿತು. ಅದೇ ಸೆಪ್ಟೆಂಬರಿನಲ್ಲಿ ನೀತಿ ಆಯೋಗದ ತಜ್ಞರ ತಂಡ, ಸಾಂಕ್ರಾಮಿಕ ತಲೆದೋರಿದ ಮೊದಲ ನೂರು ದಿನಗಳಲ್ಲಿ ಏನಾಗಬೇಕು ಎಂಬ ಚೌಕಟ್ಟು ಕೊಟ್ಟು, ಹೊಸ ಕಾನೂನೂ ಪ್ರತ್ಯೇಕ ನಿಧಿಯೂ ಬೇಕೆಂದಿತು. ಆರೋಗ್ಯ ರಾಜ್ಯಪಟ್ಟಿಯ ವಿಷಯ. ಹಾಗಾಗಿ ದೆಹಲಿಯತ್ತ ನೋಡುತ್ತ ಕೂರುವ ಅಗತ್ಯ ಕರ್ನಾಟಕಕ್ಕಿಲ್ಲ. ನಮ್ಮದೇ ಸಾಂಕ್ರಾಮಿಕ ರೋಗಗಳ ಕಾಯ್ದೆ 2020ರಲ್ಲೇ ಬಂದಿದೆ. ಅದನ್ನು ಓದಿದರೆ ಗಡಿ ಮುಚ್ಚುವ, ಜನ ಸೇರುವುದನ್ನು ತಡೆಯುವ ಅಧಿಕಾರಗಳು, ಆರೋಗ್ಯ ಕಾರ್ಯಕರ್ತರ ಮೇಲೆ ಹಲ್ಲೆ ಮಾಡಿದವರಿಗೆ ಶಿಕ್ಷೆ, ಆಸ್ತಿ ಹಾನಿಗೆ ಪರಿಹಾರ ಸಿಗುತ್ತವೆ. ರೋಗ ಇಳಿದ ಮೇಲೆ ಇಂತಿಷ್ಟು ತಿಂಗಳೊಳಗೆ ಸರ್ಕಾರ ತನ್ನ ನಿರ್ವಹಣೆಯ ಪರಿಶೀಲನಾ ವರದಿಯನ್ನು ಸದನದಲ್ಲಿ ಮಂಡಿಸಬೇಕು ಎನ್ನುವ ಸೆಕ್ಷನ್ ಅದರಲ್ಲಿಲ್ಲ. ಅದನ್ನು ಸೇರಿಸಲು ಒಂದು ತಿದ್ದುಪಡಿ ಮಸೂದೆ ಸಾಕು.